ಕಾರ್ತಿಕ ದಶಮಿಯನ್ನು ನುಂಗಿದ ಮಾಯಾವಿ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಮುತ್ತಿನಕೋಟೆ ಎಂಬ ರಾಜ್ಯವಿತ್ತು. ವರ್ಷದ ಒಂದೊಂದು ತಿಥಿಗೂ ಅಲ್ಲಿ ಒಬ್ಬೊಬ್ಬ ಓದುಗರಿದ್ದರು. ತಮ್ಮ ತಿಥಿ ಬಂದಾಗ ಅರಮನೆಯ ಅಂಗಳದಲ್ಲಿ ನಿಂತು, ಹಿಂದಿನ ವರ್ಷಗಳಲ್ಲಿ ಅದೇ ದಿನ ಏನೇನು ನಡೆದಿತ್ತೆಂದು, 'ಇದೇ ದಿನ' ಎಂದು ಶುರುಮಾಡಿ, ಬಾಯಿಪಾಠವಾಗಿ ಹೇಳುವುದು ಅವರ ಕೆಲಸ. ಕಾರ್ತಿಕ ಶುದ್ಧ ದಶಮಿ ಬಾಚಲೆಯದು. ವರ್ಷಕ್ಕೊಂದೇ ದಿನದ ಕೆಲಸವೆಂದು ಹೊಟ್ಟೆಕಿಚ್ಚು ಪಡಬೇಡಿ. ಮುನ್ನೂರು ವರ್ಷಗಳ ಸಂಗತಿಯಲ್ಲಿ ಒಂದಕ್ಷರವೂ ತಪ್ಪುವಂತಿರಲಿಲ್ಲ.

ಹಿಂದೊಮ್ಮೆ ಅದೇ ದಿನ ಸೋತು ಓಡಿದ್ದ ಧೂಮಕೇಶನೆಂಬ ಮಾಯಾವಿ, ಆ ಸೋಲನ್ನು ವರ್ಷವರ್ಷವೂ ಓದಿ ಹೇಳುವ ಅವಮಾನ ತಾಳಲಾರದೆ, ಒಂದು ವರ್ಷ ಆ ದಶಮಿಯನ್ನೇ ನುಂಗಿಬಿಟ್ಟ. ಜನ ನವಮಿಯಂದು ಮಲಗಿ ಏಕಾದಶಿಯಂದು ಎದ್ದರು. ದಶಮಿಯಂದು ಎಂದೆಂದೋ ನಡೆದದ್ದೆಲ್ಲ, ಅದರಿಂದ ಬೆಳೆದ ನಂಟುಗಳೂ ಸೇರಿ, ಅವರ ಮನಸ್ಸಿನಿಂದ ಅಳಿಸಿಹೋಯಿತು. ಓದುಗರ ನೆನಪನ್ನು ಮಾತ್ರ ಅವನ ಮಾಯೆ ಮುಟ್ಟಲಾರದು. ಹಾಗಾಗಿ ಬಾಚಲೆಯೊಬ್ಬಳಿಗೆ ಎಲ್ಲವೂ ನೆನಪಿತ್ತು.

ಅವಳ ಮದುವೆಯಾದದ್ದೂ ಒಂದು ದಶಮಿಯಂದೇ. ಕೊಡೆ ಕಟ್ಟುವ ಗಂಡ ಕೇತಯ್ಯ ಬೆಳಿಗ್ಗೆ ಎದ್ದು ಅವಳನ್ನು ನೋಡಿ ಗಾಬರಿಯಾದ.

"ಯಾರವ್ವ ನೀವು? ದಾರಿ ತಪ್ಪಿ ಬಂದಿರಾ?"

"ನಾನು ರೀ, ಬಾಚಲೆ!"

"ಆ ಹೆಸರಿನವರು ನನಗೆ ಯಾರೂ ಗೊತ್ತಿಲ್ಲವಲ್ಲ," ಎಂದು ಅವನು ಸಂಕೋಚದಿಂದ ಹೊರಗೆ ಹೋಗಿ ನಿಂತ. ಬೈದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. ಆ ಮರ್ಯಾದೆಯನ್ನು ತಡೆದುಕೊಳ್ಳಲಾಗಲಿಲ್ಲ.

ಬಾಚಲೆ ಒಬ್ಬಳೇ ಮಾಯಾವಿಯ ಬೆಟ್ಟಕ್ಕೆ ಹೊರಟಳು. ಮಾತಾಡಿಸುವವರಿಲ್ಲ. ತನ್ನ ದಶಮಿಯನ್ನು ತನಗೇ ಹೇಳಿಕೊಳ್ಳುತ್ತ ನಡೆದಳು.

ಮೊದಲ ಬಾಗಿಲಲ್ಲಿ ಕಲ್ಲಿನ ಸಿಂಹ ಕೂತಿತ್ತು. "ದಶಮಿಯಂದು ನಡೆದ ಯುದ್ಧಗಳನ್ನು ಕೊಡು. ಕೊಟ್ಟದ್ದು ನಿನಗೆ ಮತ್ತೆ ನೆನಪಾಗದು," ಎಂದಿತು. ಅವಳು ಹೇಳಿದಳು, ಸಿಂಹ ತಿಂದಿತು, ಅವಳು ಮರೆತಳು.

ಎರಡನೆಯ ಬಾಗಿಲಲ್ಲಿ ಮೂರು ಕೊಕ್ಕಿನ ಕೊಕ್ಕರೆ ನಿಂತಿತ್ತು. "ದಶಮಿಯಂದು ಬಂದ ಮಳೆಗಳನ್ನು, ತುಂಬಿದ ಕೆರೆಗಳನ್ನು ಕೊಡು," ಎಂದಿತು. ಅವಳು ಹೇಳಿದಳು, ಕೊಕ್ಕರೆ ಕುಡಿಯಿತು, ಅವಳು ಮರೆತಳು. ಎದೆಯೊಳಗೆ ಮನೆ ಖಾಲಿ ಮಾಡಿದ ಹಾಗಾಯಿತು.

ಮೂರನೆಯ ಬಾಗಿಲಲ್ಲಿ ಧೂಮಕೇಶನೇ ಇದ್ದ. ಬಾಯಿ ತೆರೆದರೆ ದಶಮಿ ಹಾರಿಹೋಗುತ್ತದೆಂದು ಹಲ್ಲು ಕಚ್ಚಿಕೊಂಡೇ ಮಾತಾಡಿದ. "ನನಗೆ ಯುದ್ಧ ಬೇಡ, ಮಳೆ ಬೇಡ. ನಿನಗೆ ಯಾವುದು ಹೆಚ್ಚೋ ಅದನ್ನು ಕೊಡು."

ಬಾಚಲೆ ಆ ಕಚ್ಚಿದ ಹಲ್ಲನ್ನು ನೋಡಿದಳು. ಅವನನ್ನು ನಗಿಸಬಲ್ಲ ಸಂಗತಿ ಅವಳಲ್ಲಿ ಒಂದೇ ಉಳಿದಿತ್ತು. ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಶುರುಮಾಡಿದಳು.

"ಇದೇ ದಿನ, ಐದು ವರ್ಷದ ಹಿಂದೆ, ನನ್ನ ಮುಹೂರ್ತವೂ ಓದೂ ಒಂದೇ ಗಳಿಗೆಗೆ ಬಂದವು. ಬಾಸಿಂಗ ಕಟ್ಟಿಕೊಂಡೇ ಅಂಗಳದಲ್ಲಿ ನಿಂತು ಓದಿದೆ. ಏನು ಓದಿದೆನೋ ಈಗ ನೆನಪಿಲ್ಲ. ಮದುಮಗ ತಾಳಿ ಹಿಡಿದು ಹಿಂದಿನಿಂದ ಬಂದ. ಮುಖದ ತುಂಬ ಇಳಿಬಿಟ್ಟ ಹೂವು, ಪಾಪ, ಕಣ್ಣು ಕಾಣದು. ನನ್ನ ಪಕ್ಕದ ಕಂಬಕ್ಕೆ ತಾಳಿ ಕಟ್ಟಿಬಿಟ್ಟ. ಮೂರು ಗಂಟು, ಬಿಗಿಯಾಗಿ! ಬಿಚ್ಚಲು ಕೊನೆಗೆ ಮಹಾರಾಜರೇ ಬಂದು ಹಲ್ಲು ಹಚ್ಚಬೇಕಾಯಿತು."

ಮುನ್ನೂರು ವರ್ಷ ನಗದಿದ್ದ ಧೂಮಕೇಶ ಹೋ ಎಂದು ನಕ್ಕ. ತೆರೆದ ಬಾಯಿಯಿಂದ ದಶಮಿ ಹಳದಿ ಹಕ್ಕಿಯಾಗಿ ಹಾರಿಹೋಯಿತು. ಅವನು ಬರೀ ಹೊಗೆಯಾಗಿ ಕರಗಿದ.

ಬೆಟ್ಟದ ಬುಡಕ್ಕೆ ಕೇತಯ್ಯ ಏದುಸಿರು ಬಿಡುತ್ತ ಓಡಿಬಂದ. "ಬಾಚೀ! ನೆನಪಾಯಿತು ಕಣೇ, ಎಲ್ಲ ನೆನಪಾಯಿತು!"

ಬಾಚಲೆ ಅವನನ್ನು ದಿಟ್ಟಿಸಿ ನೋಡಿದಳು. "ಯಾರೋ ತಿಳಿಯಲಿಲ್ಲವಲ್ಲ, ಅಣ್ಣಾ."

ಕೇತಯ್ಯನ ಮುಖ ಬಿಳಿಚಿತು. "ಏನಂದರೂ ಅನ್ನು, ಅಣ್ಣ ಅಂತ ಮಾತ್ರ ಅನ್ನಬೇಡ," ಎಂದು ಬಿಕ್ಕಿಬಿಕ್ಕಿ ಅತ್ತ. ಆಮೇಲೆ ತಂದಿದ್ದ ಕೊಡೆಯನ್ನು ಅವಳ ತಲೆಯ ಮೇಲೆ ಹಿಡಿದು, ತಾನು ಬಿಸಿಲಲ್ಲೇ ಪಕ್ಕದಲ್ಲಿ ನಡೆದ.

ಹೀಗೇ ಏಳು ಬೆಟ್ಟ ದಾಟಿದರು. ಕೋಟೆ ಕಾಣಿಸಿದಾಗ ಬಾಚಲೆ ಮೆಲ್ಲಗೆ ಹೇಳಿದಳು:

"ನೀವೂ ಕೊಡೆಯೊಳಗೆ ಬನ್ನಿ."

ಮುಂದಿನ ದಶಮಿಗೆ ಅವರು ಇನ್ನೊಮ್ಮೆ ಮದುವೆಯಾದರು. ಮುತ್ತಿನಕೋಟೆಯವರೆಲ್ಲ ಉಂಡು ಹರಸಿದರು, ಇಬ್ಬರೂ ಬಹುಕಾಲ ಸುಖವಾಗಿ ಬಾಳಿದರು.