ಗುರುತು ಹಾಕಿದ್ದೀನಿ, ನೋಡ್ಕೊಳ್ಳಿ

"ಕತ್ತರಿ ಕೆಳಗಿಡಿ!"

ಬೀದಿಯ ಆಚೆಯಿಂದ ಬಂದ ಕೂಗಿಗೆ ಟೈಲರ್ ಕೈ ಗಾಳಿಯಲ್ಲೇ ನಿಂತಿತು. ಅಂಗಡಿ ಮುಂದಿನ ಪೊದೆಗಿಡಕ್ಕೆ ಟೇಪು ಹಿಡಿದು ಅಳತೆ ನೋಡಿ, ಎಲೆಯುದುರಿದ ಕೊಂಬೆಗಳನ್ನು ಒಂದೇ ಮಟ್ಟಕ್ಕೆ ಸವರಲು ಹೊರಟಿದ್ದ ಅವನು. ತಿರುಗಿ ನೋಡಿದರೆ, ಕೈಗೆಲ್ಲ ಮಣ್ಣು ಮೆತ್ತಿಕೊಂಡ ಹುಡುಗಿ... ಕಣ್ಣಲ್ಲಿ ಕೆಂಡ!

"ಒಣಗಿದ ಗಿಡ ಅಲ್ವಾ ಇದು..." ಎಂದು ತಡವರಿಸಿದ.

ಅವಳು ಉಗುರಿನಿಂದ ತೊಗಟೆ ಗೀರಿದಳು. ಒಳಗೆ ಹಚ್ಚ ಹಸಿರು! ಎಲೆ ಉದುರಿದ ಮಾತ್ರಕ್ಕೆ ಸತ್ತಿದೆ ಅಂತಲ್ಲ, ಚಳಿಗೆ ಮಲಗಿದೆ ಅಷ್ಟೇ ಎಂದಳು. ಇದು ಹೂ ಬಿಡುವುದು ಹಳೆಯ ಕೊಂಬೆಯಲ್ಲೇ, ಈಗ ಸವರಿದರೆ ಮೊಗ್ಗನ್ನೇ ಸವರಿದ ಹಾಗೆ ಎಂದೂ ಹೇಳಿದಳು. ಮೂರು ವರ್ಷದಿಂದ ಗಿಡ ಯಾಕೆ ಹೂ ಬಿಟ್ಟಿಲ್ಲವೆಂದು ಅವನಿಗೆ ಆಗ ಹೊಳೆಯಿತು.

ಅವಳು ಊರಂಚಿನ ನರ್ಸರಿಯವಳು. ಈ ತಳಿಯನ್ನು ಬೆಳೆಸಿ 'ಬೆಳ್ಳಿಗೊಂಚಲು' ಎಂದು ಹೆಸರಿಟ್ಟವರು ಅವಳ ಅಪ್ಪ. ಅಪ್ಪ ತೀರಿಕೊಂಡ ವರ್ಷವೇ ನರ್ಸರಿಯ ತಾಯಿಗಿಡವೂ ಬೇರು ಕೊಳೆತು ಹೋಯಿತು. ಉಳಿದದ್ದು ಅವರು ಈ ಅಂಗಡಿಗೆ ಮಾರಿದ್ದ ಇದೊಂದೇ. ಗಿಡ ಹೂ ಬಿಡುವ ಕಾಲಕ್ಕೆ ಅವಳು ಪ್ರತಿ ವರ್ಷ ಪರೀಕ್ಷೆಯೆಂದು ಹಾಸ್ಟೆಲಿನಲ್ಲಿರುತ್ತಿದ್ದಳು. ಆ ಹೂವನ್ನು ಅಪ್ಪನ ಬಾಯಲ್ಲಿ ಕೇಳಿದ್ದಳೇ ಹೊರತು ಕಂಡಿರಲಿಲ್ಲ.

"ಸವರೋ ಕಾಲ ಬಂದ್ರೆ ನಾನೇ ಬಂದು ಹೇಳ್ತೀನಿ. ಅಲ್ಲೀವರೆಗೆ ಮುಟ್ಟಬೇಡಿ."

ಅವನು ಕತ್ತರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ತಲೆಯಾಡಿಸಿದ.

ಅವಳು ವಾರಕ್ಕೊಮ್ಮೆ ಬಂದು ಬುಡಕ್ಕೆ ನೀರು, ಗೊಬ್ಬರ ಹಾಕಿ, ಒಣ ಎಲೆ ಹೊದಿಸಿ ಹೋಗತೊಡಗಿದಳು. ವಾರಕ್ಕೊಮ್ಮೆ ಎನ್ನುವುದು ಎರಡು ಸಲವಾಯಿತು, ಮೂರಾಯಿತು... ಅವನು ಸ್ಟೂಲು ಹಾಕುತ್ತಿದ್ದ, ಅವಳ ಕುರ್ತಾದ ಹರಿದ ತೋಳನ್ನು ಕೇಳದೆಯೇ ಹೊಲಿದುಕೊಟ್ಟ.

"ಮಲಗಿರೋ ಗಿಡಕ್ಕೆ ಇಷ್ಟೊಂದು ನೀರಾ? ಎಬ್ಬಿಸ್ತಿರೋದು ಯಾರನ್ನೇ?" ಎಂದು ಅಮ್ಮ ಕೇಳಿದಾಗ ಅವಳ ಕೆನ್ನೆ ಕೆಂಪೇರಿತು.

ಒಂದು ಸಂಜೆ, ದುಂಡು ಮೊಗ್ಗು ತುಂಬಿದ ಹನ್ನೊಂದು ಕೊಂಬೆಗಳಿಗೆ ಅವನ ಅಂಗಡಿಯ ಕೆಂಪು ಬಟ್ಟೆಚೂರುಗಳನ್ನು ಕಟ್ಟಿದಳು. ಅವನು ಮಷೀನಿನ ಮೇಲೆ ಬಗ್ಗಿದ್ದ.

"ಗುರುತು ಹಾಕಿದ್ದೀನಿ, ನೋಡ್ಕೊಳ್ಳಿ. ನಾನು ಹತ್ತು ದಿನ ಸಸ್ಯಮೇಳಕ್ಕೆ ಹೋಗ್ತಿದ್ದೀನಿ."

"ನೀವು ಬರೋದ್ರೊಳಗೆ ನೋಡ್ಕೊಂಡಿರ್ತೀನಿ," ಎಂದ ಅವನು ನಗುತ್ತಾ.

ಹತ್ತು ದಿನ ಅವಳಿಗೆ ಹತ್ತು ವರ್ಷವಾಯಿತು. ಹನ್ನೊಂದನೆಯ ಬೆಳಿಗ್ಗೆ ಬಸ್ಸಿಳಿದವಳೇ ಅಂಗಡಿಗೆ ಓಡಿದಳು. ಬಾಗಿಲು ಇನ್ನೂ ತೆರೆದಿರಲಿಲ್ಲ.

ಗಿಡ ಬೋಳಾಗಿತ್ತು! ಹನ್ನೊಂದು ಕೊಂಬೆಗಳೂ ಕತ್ತರಿಸಿ ಹೋಗಿದ್ದವು. ಕೆಂಪು ಪಟ್ಟಿಗಳು ಇಸ್ತ್ರಿಯಾಗಿ, ಮಡಿಸಿ, ಕಿಟಕಿಯಲ್ಲಿದ್ದವು.

'ನನ್ನನ್ನ ಅಣಕಿಸ್ತಿದ್ದಾನೆ... ಅಪ್ಪನ ಕೊನೇ ಗಿಡ ಅಂತ ಗೊತ್ತಿದ್ದೂ!'

ಅಳುತ್ತಲೇ ಮನೆ ಸೇರಿದಳು. ಅವನ ಫೋನು ಎತ್ತಲಿಲ್ಲ. ಮೂರು ವಾರ ಆ ಬೀದಿಗೆ ಕಾಲಿಡಲಿಲ್ಲ. ಯಾಕೆ ಕತ್ತರಿಸಿದೆ ಎಂದು ಅವನನ್ನೇ ಒಂದು ಮಾತು ಕೇಳಬಾರದಿತ್ತಾ ಎಂದು ಅಮ್ಮ ಗದರಿದರೂ ಜಗ್ಗಲಿಲ್ಲ. ಕೋಪದ ಅಡಿಯಲ್ಲಿ ಇದ್ದದ್ದು ಪ್ರೀತಿಯೇ, ಅದಕ್ಕೇ ಅಷ್ಟು ಉರಿ.

ಕೊನೆಗೆ ಅವನೇ ನರ್ಸರಿಗೆ ಬಂದ. ಅವಳು ಮುಖ ತಿರುಗಿಸಿ, ಗಿರಾಕಿಯೊಬ್ಬರಿಗೆ ಹೇಳಿದಳು: "ಅದನ್ನ ಮುಟ್ಟಬೇಡಿ. ಕೆಂಪು ಕಟ್ಟಿದ್ದೆಲ್ಲ ಉಳಿಸ್ಕೊಳ್ಳೋಕೆ."

ಅವನು ಕಲ್ಲಿನಂತೆ ನಿಂತುಬಿಟ್ಟ.

"ಉಳಿಸ್ಕೊಳ್ಳೋಕಾ?" ಎಂದ. "ನಮ್ಮ ಕಸುಬಲ್ಲಿ ಗುರುತು ಹಾಕೋದೇ ಕತ್ತರಿಸೋಕೆ. ಸವರೋ ಕಾಲ ಬಂತು ಅಂದ್ಕೊಂಡೆ. ನಿಮ್ಮ ಗುರುತಿಗೆ ಒಂದೆಳೆ ಆಚೀಚೆ ಆಗದ ಹಾಗೆ, ಉಸಿರು ಬಿಗಿಹಿಡಿದು ಕತ್ತರಿಸಿದೆ ಕಣ್ರೀ..."

ಅವಳ ಕೈಯಿಂದ ನೀರಿನ ಕ್ಯಾನು ಜಾರಿತು. ನೋಡ್ಕೊಳ್ಳಿ ಅಂದವಳು ಅವಳು, ನೋಡಿಕೊಂಡವನು ಅವನು! ನಗು ಬಂತು, ನಗುವಿನ ಜೊತೆಗೇ ಅಳುವೂ ಬಂತು.

"ಬುಡದಲ್ಲಿ ಒಂದು ಸಣಕಲು ಕೊಂಬೆ ಇತ್ತು. ಗುರುತಿರಲಿಲ್ಲ, ಮುಟ್ಟಲಿಲ್ಲ," ಎಂದ ಅವನು. "ಇವತ್ತು ಬೆಳಿಗ್ಗೆ ಅರಳಿದೆ. ಅದನ್ನ ಹೇಳೋಕೆ ಬಂದೆ."

ಮುಂದಿನ ಮಾತಿಗೆ ಕಾಯದೆ ಅವಳು ಓಡಿದಳು. ಹಿಂದೆಯೇ ಅವನು!

ಮೆಟ್ಟಿಲ ಪಕ್ಕದಲ್ಲಿ, ನೆಲಕ್ಕೆ ಬಾಗಿದ ಕೊಂಬೆಯ ತುದಿಯಲ್ಲಿ ಬಿಳಿಯ ಒಂದೇ ಗೊಂಚಲು. ಅವಳು ಮಂಡಿಯೂರಿ ಮುಖವಿಟ್ಟಳು. ಅಪ್ಪ ಹೇಳಿದ್ದ ಅದೇ ಪರಿಮಳ... ಕಣ್ಣು ತುಂಬಿ ಹೂ ಮಸುಕಾಯಿತು. ಕೊಂಬೆ ನೆಲಕ್ಕೆ ತಾಗಿದ್ದಲ್ಲಿ ಬೇರೂ ಬಿಟ್ಟಿತ್ತು. ಇನ್ನು ಗಿಡ ಒಂಟಿಯಲ್ಲ.

"ಕ್ಷಮಿಸ್ತೀರಾ?" ಎಂದ ಅವನು ಮೆಲ್ಲಗೆ.

ಅವಳು ಎದ್ದಳು. ಕಿಟಕಿಯಿಂದ ಒಂದು ಕೆಂಪು ಪಟ್ಟಿ ತೆಗೆದು, ಅವನ ಅಂಗಿಯ ಗುಂಡಿಗೆ ಕಟ್ಟಿದಳು.

"ಗುರುತು ಹಾಕಿದ್ದೀನಿ, ನೋಡ್ಕೊಳ್ಳಿ."

ಅವನು ಪಟ್ಟಿಯನ್ನು ಮುಟ್ಟಿ ನೋಡಿದ. "ಕತ್ತರಿಸೋಕಾ... ಉಳಿಸ್ಕೊಳ್ಳೋಕಾ?"

"ಉಳಿಸ್ಕೊಳ್ಳೋಕೆ."

"ಹಾಗಾದ್ರೆ ಗಂಟು ಇನ್ನೊಂಚೂರು ಬಿಗಿಯಾಗಿ ಹಾಕಿ."