ನಿಂತಾಗಲೂ ಓಡುವ ಗಾಡಿ

“ಮುಂದೆ ಕಡಿದಾದ ತಿರುವಿದೆ. ಗೇರ್ ಇಳಿಸಿ,” ಎಂದಿತು ಕೈಯಲ್ಲಿದ್ದ ದಾರಿ ತೋರುವ ಯಂತ್ರ.

ಫಕೀರಪ್ಪ ಡಂಬಳ ಆಗ ಕಪ್ಪತಗುಡ್ಡದ ಅರ್ಧ ಏರಿನಲ್ಲಿ ಏದುಸಿರು ಬಿಡುತ್ತ ನಡೆಯುತ್ತಿದ್ದ. ಅವನ ಬೈಕು ಗುಡ್ಡದ ಬುಡದಲ್ಲಿ ಬೇವಿನ ಮರದ ಕೆಳಗೆ ನಿಂತಿತ್ತು. ಹಿಂದಿದ್ದವರು ಮುಸಿಮುಸಿ ನಕ್ಕರು. ಅವನು ತಿರುಗಿ ನೋಡಿದ ನೋಟಕ್ಕೆ ನಗು ನಿಂತಿತೇ ಹೊರತು ಯಂತ್ರ ನಿಲ್ಲಲಿಲ್ಲ. ಕಾಲುದಾರಿ ಬಿಟ್ಟು ಡಾಂಬರು ರಸ್ತೆಗಿಳಿಯಲು ಹೇಳಿತು; ಮುಂದೆ ಪೆಟ್ರೋಲ್ ಸಿಗುತ್ತದೆಂದೂ ಸೇರಿಸಿತು.

ಪೆಟ್ರೋಲ್ ಬೈಕುಗಳಿಗೆ ಭಾನುವಾರ ಮಾತ್ರ ರಸ್ತೆಗಿಳಿಯುವ ಪರವಾನಗಿ ಇದ್ದ ಕಾಲವದು. ಗದಗಿನಲ್ಲಿ ಗ್ಯಾರೇಜು ಇಟ್ಟಿದ್ದ ಫಕೀರಪ್ಪನಿಗೆ ಉಳಿದ ಆರು ದಿನಗಳೂ ದಂಡ. ಭಾನುವಾರ ಬಂತೆಂದರೆ ತನ್ನ ಸಂಘದ ಹನ್ನೆರಡು ಮಂದಿಯನ್ನು ಬೆನ್ನಿಗೆ ಕಟ್ಟಿಕೊಂಡು ಬೈಕಿನಲ್ಲಿ ಗುಡ್ಡದ ಬುಡಕ್ಕೆ, ಅಲ್ಲಿಂದ ಕಾಲ್ನಡಿಗೆಯಲ್ಲಿ ನೆತ್ತಿಗೆ. ಮುಂದಾಳು ಅವನೇ. ಆದರೆ ಕಳೆದ ಮಳೆಗಾಲದಲ್ಲಿ ಮಂಜಿನೊಳಗೆ ಎಲ್ಲರನ್ನೂ ಗುಡ್ಡದ ಆಚೆ ಮಗ್ಗುಲಿಗೆ ಇಳಿಸಿಬಿಟ್ಟ. ಅಂದಿನಿಂದ ಸಂಘದವರು ಪಟ್ಟು ಹಿಡಿದರು: ಬೈಕಿಗೂ ನಡಿಗೆಗೂ ಒಪ್ಪುವ ಒಂದು ಜಿಪಿಎಸ್ ಆರಿಸಬೇಕು, ಇಲ್ಲವೇ ಮುಂದಾಳುತನ ಬಿಡಬೇಕು. ಅದನ್ನು ಬಿಟ್ಟರೆ ಫಕೀರಪ್ಪನ ಬದುಕಿನಲ್ಲಿ ಉಳಿಯುವುದು ಗ್ರೀಸು ಮಾತ್ರ. ಹಾಗಾಗಿ ಹಲ್ಲು ಕಚ್ಚಿ ಒಪ್ಪಿದ.

ಆರಿಸುವುದಾದರೂ ಹೇಗೆ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬಿಸಿಲಲ್ಲೂ ಕಾಣುವ ದೊಡ್ಡ ಪರದೆ, ಕೈಗವಸು ಹಾಕಿಯೂ ಒತ್ತಬಹುದಾದ ಗುಂಡಿ, ಹೆಲ್ಮೆಟ್ಟಿನೊಳಗೆ ಕೇಳುವ ದನಿ ಬೇಕೆಂದರು ಬೈಕಿನ ಶೋಕಿಯವರು. ಜೇಬಿಗೆ ಹಗುರ, ಎರಡು ದಿನ ಬಾಳುವ ಬ್ಯಾಟರಿ, ಏರಿಳಿವು ತೋರಿಸುವ ಗೆರೆಗಳು ಬೇಕೆಂದರು ನಡಿಗೆಯ ಶೋಕಿಯವರು. ಅಟ್ಟಕ್ಕೇರದವರೆಲ್ಲ ಬೆಟ್ಟಕ್ಕೇರಲು ಹೊರಟರೆ ಹೀಗೇ ಎಂದುಕೊಂಡ ಫಕೀರಪ್ಪ. ಅಂಗಡಿಯಲ್ಲಿ ಕಂಡ ಒಂದು ಇಟ್ಟಿಗೆಯಷ್ಟು ಭಾರ, ಇನ್ನೊಂದರ ಅಕ್ಷರ ಇರುವೆಯಷ್ಟು. ಮಾರುವವನಿಗಂತೂ ಗುಡ್ಡ ಯಾವ ದಿಕ್ಕಿಗಿದೆಯೆಂಬುದೇ ಗೊತ್ತಿರಲಿಲ್ಲ.

ಕೊನೆಗೆ ಸಿಕ್ಕಿದ್ದು ‘ಪಥಜ್ಞ’. ಹುಬ್ಬಳ್ಳಿಯ ವಿಜ್ಞಾನಿ ನೀಲಾಂಬಿಕಾ ಹುಯಿಲಗೋಳ ರೂಪಿಸಿದ ಈ ಯಂತ್ರ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ನೀವು ಎಲ್ಲಿದ್ದೀರಿ ಎಂಬುದನ್ನು ಅದಕ್ಕೆ ಉಪಗ್ರಹ ಹೇಳುತ್ತದೆ. ಹೇಗೆ ಹೋಗುತ್ತಿದ್ದೀರಿ ಎಂಬುದನ್ನು ಒಳಗಿನ ಕಂಪನಗ್ರಾಹಿ ಹೇಳುತ್ತದೆ. ಹೆಜ್ಜೆಯ ಅಲುಗಾಟ ನಿಧಾನ, ಎಂಜಿನ್ನಿನದು ಚುರುಕು. ಅದನ್ನು ಗ್ರಹಿಸಿ ಯಂತ್ರ ತಾನಾಗಿಯೇ ರಸ್ತೆಯ ನಕ್ಷೆಯನ್ನೋ ಕಾಲುದಾರಿಯ ನಕ್ಷೆಯನ್ನೋ ತೆರೆಯುತ್ತದೆ. ನಡೆಯುವಾಗ ಎದೆಗೆ ಕಟ್ಟಿಕೊಳ್ಳಲು ಪಟ್ಟಿಯನ್ನೂ ಕೊಟ್ಟಿದ್ದರು. ಗಂಟೆ ಕಟ್ಟಿಸಿಕೊಳ್ಳಲು ತಾನೇನು ದನವೇ ಎಂದು ಫಕೀರಪ್ಪ ಪಟ್ಟಿಯನ್ನು ಗ್ಯಾರೇಜಿನ ಮೂಲೆಗೆಸೆದು, ಯಂತ್ರವನ್ನು ಬಲಗೈಯಲ್ಲೇ ಹಿಡಿದು ನಡೆದಿದ್ದ.

ಮಾನ ಹೋದ ಮೇಲೆ ಸುಮ್ಮನಿರುವವನಲ್ಲ ಅವನು. ಮುಂದಿನ ಭಾನುವಾರ ಬೈಕು ನೇರ ಹುಬ್ಬಳ್ಳಿಯ ಪ್ರಯೋಗಾಲಯದ ಮುಂದೆ ನಿಂತಿತು. ರಜೆಯ ದಿನವೂ ಅಲ್ಲೇ ಬಿದ್ದಿರುವ ಜಾತಿ ನೀಲಾಂಬಿಕಾ.

“ಅಕ್ಕಾರ, ನಿಮ್ಮ ಯಂತ್ರಕ್ಕ ಗಾಡಿ ಯಾವುದು, ಮನಷ್ಯಾ ಯಾವುದು ತಿಳಿಯೂದಿಲ್ಲ. ಇಂಥಾದ್ದಕ್ಕ ಡಾಕ್ಟರೇಟ್ ಬ್ಯಾರೆ,” ಎಂದು ಯಂತ್ರವನ್ನು ಮೇಜಿನ ಮೇಲೆ ಕುಕ್ಕಿದ.

ಆಕೆ ಸಿಟ್ಟಾಗಲಿಲ್ಲ. ಗುಡ್ಡದಲ್ಲಿ ಹಿಡಿದಂತೆಯೇ ಹಿಡಿದು ಸುಮ್ಮನೆ ಕೂರಲು ಹೇಳಿದಳು. ಅವನು ಬಲಗೈಯಲ್ಲಿ ಹಿಡಿದು, ಕೈಯನ್ನು ತೊಡೆಯ ಮೇಲಿಟ್ಟು ಕುಳಿತ.

“ಗಾಡಿ ಓಡುತ್ತಿದೆ,” ಎಂದಿತು ಯಂತ್ರ.

“ನೋಡ್ರಿ, ಕುರ್ಚಿಗೂ ಎಂಜಿನ್ ಬಂತು,” ಎಂದು ಫಕೀರಪ್ಪ ನಕ್ಕ.

ನೀಲಾಂಬಿಕಾ ನಗಲಿಲ್ಲ. ಯಂತ್ರವನ್ನು ಅವನ ಎಡಗೈಗೆ ಕೊಟ್ಟಳು. ನೀವು ನಿಂತಿದ್ದೀರಿ ಎಂದಿತು. ಮತ್ತೆ ಬಲಗೈಗೆ ಕೊಟ್ಟಳು. ಗಾಡಿ ಓಡತೊಡಗಿತು. ಪರದೆಯ ಮೇಲೆ ಮೂಡಿದ ಅಲೆಯನ್ನು ಆಕೆ ಬಹಳ ಹೊತ್ತು ನೋಡಿದಳು.

“ಕಾಕಾ, ಈ ಕೈ ಯಾವಾಗಿಂದ ನಡಗಾಕತ್ತೇತಿ?”

ಇಷ್ಟು ವರ್ಷ ಬೈಕು ಓಡಿಸಿದ ಕೈಗೆ ಅಷ್ಟೂ ಇರಬಾರದೇ ಎಂದು ರೇಗಲು ಬಾಯಿ ತೆರೆದವನು, ಕೈ ನೋಡಿಕೊಂಡು ಬಾಯಿ ಮುಚ್ಚಿದ. ಹೆಬ್ಬೆರಳು ತೋರುಬೆರಳನ್ನು ತಂಬಾಕು ತಿಕ್ಕುವಂತೆ ತನ್ನಷ್ಟಕ್ಕೆ ತಿಕ್ಕುತ್ತಿತ್ತು. ಅವನು ತಂಬಾಕು ತಿನ್ನುವವನಲ್ಲ. ಚಹಾದ ಕಪ್ಪು ಬಸಿಯ ಮೇಲೆ ಕಟಕಟ ಎನ್ನುತ್ತದೆಂದು ಹೆಂಡತಿ ಹೇಳಿದ್ದಳು. ಬಸಿಯೇ ಸೊಟ್ಟಗಿದೆ ಎಂದು ಅವಳ ಬಾಯಿ ಮುಚ್ಚಿಸಿದ್ದ. ಕುಣಿಯಲಾರದವಳಿಗೆ ನೆಲ ಡೊಂಕು. ಅವನಿಗೆ ಈಗ ನಿಜವಾಗಿ ಹೆದರಿಕೆಯಾಯಿತು.

ಆಕೆ ಬಿಡಿಸಿ ಹೇಳಿದಳು. ಈ ನಡುಕ ಹೆಜ್ಜೆಗಿಂತ ಚುರುಕು, ಎಂಜಿನ್ನಿಗಿಂತ ನಿಧಾನ. ಯಂತ್ರಕ್ಕೆ ಕಲಿಸಿದ್ದು ಎರಡೇ ಬಗೆ, ಹೀಗಾಗಿ ಹೆಜ್ಜೆಯಲ್ಲದ್ದನ್ನೆಲ್ಲ ಗಾಡಿಯೆಂದಿತು. ಇವೆರಡರ ನಡುವೆ ಇನ್ನೊಂದು ಇರಬಹುದೆಂದು ತನಗೇ ಹೊಳೆದಿರಲಿಲ್ಲ. ನರಗಳ ಕಾಯಿಲೆ ಇರಬಹುದು, ಇಲ್ಲದಿರಲೂಬಹುದು, ಅದನ್ನು ಡಾಕ್ಟರೇ ಹೇಳಬೇಕು; ಬೇಗ ತಿಳಿದರೆ ಔಷಧಿಯಿಂದ ಬಹುಕಾಲ ಹತೋಟಿಯಲ್ಲಿ ಇಡಬಹುದು.

“ಹಂಗಾರ ಗಾಡಿ ಬಿಡಬೇಕೇನ್ರಿ?” ಅವನ ದನಿ ಸಣ್ಣದಾಗಿತ್ತು.

“ಡಾಕ್ಟರು ಹೇಳೂತನಕ ಹತ್ತಬ್ಯಾಡ್ರಿ. ನಿಮ್ಮನ್ನ ನಂಬಿ ಹಿಂದ ಹನ್ನೆರಡು ಮಂದಿ ಬರತಾರ.”

ಅವನು ಯಂತ್ರವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಆಕೆಗೂ ಪೆಚ್ಚೆನಿಸಿತು. ಮಾರುಕಟ್ಟೆಗೆ ಹೋಗುವ ಮೊದಲು ಈ ದೋಷ ತಿದ್ದುತ್ತೇನೆ, ಇನ್ನು ಮುಂದೆ ಪಥಜ್ಞ ಯಾರನ್ನೂ ಗಾಡಿ ಎನ್ನುವುದಿಲ್ಲ ಎಂದು ಮಾತು ಕೊಟ್ಟಳು.

“ತಿದ್ದಬ್ಯಾಡವಾ ತಂಗಿ,” ಎಂದ ಫಕೀರಪ್ಪ. “ನನ್ನಂಥಾ ಸೊಕ್ಕಿನ ಮಂದಿ ದವಾಖಾನಿ ಮೆಟ್ಟಲಾ ಹತ್ತೂದಿಲ್ಲ. ಯಂತ್ರ ಕೆಟ್ಟೇತಿ ಅಂತ ನಿನ್ನ ಬೈಯಾಕರ ಬರತಾರ. ಬರಲಿ, ಬೈಸ್ಕೊ.”

ಬೈಕಿನ ಕೀಲಿಯನ್ನು ಮೇಜಿನ ಮೇಲಿಟ್ಟು, ಗದಗಿಗೆ ಬಸ್ಸು ಎಲ್ಲಿ ಸಿಗುತ್ತದೆಂದು ಕೇಳಿದ.