ಅಂಚೆಪೆಟ್ಟಿಗೆಯ ಮುಂದಿನ ಬೂದಿ

"ನಂಗೆ ಯಾವ ಕಾಗದಾನೂ ಬಂದಿಲ್ಲ, ವರ್ನನ್!"

ಐಲಿಯ ಮುಖ ಬಿಳಿಚಿಕೊಂಡಿತು. ಆಸ್ಪತ್ರೆಯ ಕೆಲಸ ಮುಗಿಸಿ ಆಗ ತಾನೇ ಮನೆಗೆ ಬಂದಿದ್ದಳು. ಬಾಗಿಲಲ್ಲಿ ನಿಂತಿದ್ದ ಡೆಪ್ಯುಟಿ ಶೆರಿಫ್ ವರ್ನನ್ ಟೂರಿಯ ಕೈಯಲ್ಲಿ ನ್ಯಾಯಾಲಯದ ಆಜ್ಞೆಯಿತ್ತು. ಜ್ಯೂರಿಗೆ, ಅಂದರೆ ಮೊಕದ್ದಮೆ ಕೇಳಿ ತೀರ್ಪು ಹೇಳುವ ನಾಗರಿಕರ ಮಂಡಳಿಗೆ, ಕರೆದರೂ ಅವಳು ಹೋಗಿಲ್ಲ. ಎರಡನೆಯ ನೋಟೀಸಿಗೂ ಉತ್ತರವಿಲ್ಲ. ಈಗಲೇ ಅವಳನ್ನು ಕರೆತರಬೇಕು. ಸರಿಯಾದ ಕಾರಣ ಹೇಳದಿದ್ದರೆ ನ್ಯಾಯಾಂಗ ನಿಂದನೆ—ದಂಡ, ಇಲ್ಲವೇ ಜೈಲು.

"ನಾನು ಜೈಲಿಗೆ ಹೋದ್ರೆ ಅತ್ತೇನ ಯಾರು ನೋಡ್ಕೋತಾರೆ? ಸೊಂಟ ಮುರಿದಾಗ್ಲೇ ವೃದ್ಧಾಶ್ರಮಕ್ಕೆ ಹಾಕಿ ಅಂದ್ರು. ಈಗ ಬಿಡ್ತಾರಾ?"

ಒಲೆಯ ಪಕ್ಕದಲ್ಲಿ ಅತ್ತೆ ಹಿಲ್ಯಾ ಕಂಬಳಿ ಹೊದ್ದು ಕೂತಿದ್ದಳು. ಕೋಲು ಹಿಡಿದು ಒಲೆಯಿಂದ ಮಂಚದವರೆಗೆ ನಡೆಯುವುದೇ ಅವಳಿಗೆ ದೊಡ್ಡ ಪಯಣ. ಹಿಮದಲ್ಲಿ ಕಾಲಿಡಲೇಬಾರದೆಂದು ಡಾಕ್ಟರು ಹೇಳಿದ್ದರು.

"ಎರಡು ಕಾಗದ ಹೇಗೆ ಕಳೆದುಹೋಗುತ್ತೆ ಐಲಿ? ರಸ್ತೆಬದಿಯ ನಿಮ್ಮ ಅಂಚೆಪೆಟ್ಟಿಗೆಗೆ ಯಾರು ಕೈ ಹಾಕ್ತಾರೆ?"

ಐಲಿ ದನಿ ತಗ್ಗಿಸಿದಳು. "ನಗಬೇಡ. ರೈನೊ ಬರ್ತಾನೆ."

ವರ್ನನ್ ನಗಲಿಲ್ಲ. ಹೋದ ಚಳಿಗಾಲ ಅವಳ ಗಂಡ ರೈನೊನ ಕಾರು ಜಾರಿ ಸರೋವರದ ಮಂಜುಗಡ್ಡೆ ಒಡೆದು ಮುಳುಗಿತ್ತು. ಕಾರನ್ನೂ ಅವನ ಹೆಣವನ್ನೂ ಮೇಲೆತ್ತಿಸಿದವನು ವರ್ನನ್ನೇ.

"ರಸ್ತೆಯ ಹಿಮ ತಳ್ಳೋ ಗಾಡಿ ದಿನಾ ಪೆಟ್ಟಿಗೆ ಮುಂದೆ ಗುಡ್ಡೆ ಹಾಕಿ ಹೋಗುತ್ತೆ. ನಾನು ಬರೋಷ್ಟರಲ್ಲಿ ಯಾರೋ ಅದನ್ನ ತೆಗೆದಿರ್ತಾರೆ. ಅಂಚೆಯವನು ಜಾರದ ಹಾಗೆ ಬೂದಿ ಬೇರೆ ಚೆಲ್ಲಿರ್ತಾರೆ, ಅರ್ಧಚಂದ್ರದ ಥರ. ಹಾಗೆ ಚೆಲ್ತಾ ಇದ್ದವನು ಅವನೊಬ್ನೇ."

ವರ್ನನ್ ರಸ್ತೆಗಿಳಿದ. ಪೆಟ್ಟಿಗೆಯ ಮುಂದೆ ನೆಲ ಬರಿದಾಗಿತ್ತು. ಅದರ ಮೇಲೆ ಬೂದಿಯ ಅರ್ಧಚಂದ್ರ. ಸುತ್ತ ಒಂದು ಕಾಗೆಯ ಸದ್ದೂ ಇಲ್ಲ.

ಪಕ್ಕದ ಮನೆಯ ಡೇಲ್ ಹಾರ್ಯು ಬೇಲಿಗೊರಗಿ ನೋಡುತ್ತಿದ್ದ. ಗಡಿಯ ಮರವೊಂದಕ್ಕಾಗಿ ಈ ಮನೆಯವರೊಂದಿಗೆ ಅವನಿಗೆ ಮಾತಿಲ್ಲ.

"ಏನಯ್ಯ, ಸತ್ತವನನ್ನ ಅರೆಸ್ಟ್ ಮಾಡೋಕೆ ಬಂದ್ಯಾ?"

"ಬದುಕಿರೋರನ್ನ ಕೇಳೋಕೆ ಬಂದೆ. ಅವಳ ಕಾಗದ ನೀನು ತೆಗೆದ್ಯಾ?"

"ನನ್ನ ಕಾಗದಾನೇ ನಾನು ಓದಲ್ಲ, ಅವಳದ್ದು ಯಾಕೆ?"

"ಈ ಗುಡ್ಡೆ ತೆಗೆಯೋದು ನೀನಾ?"

"ನಾನಾ? ಅವಳಿಗೆ? ತಲೆ ಕೆಟ್ಟಿದೆಯಾ ನಿಂಗೆ?"

ವರ್ನನ್ ಡೇಲ್‌ನ ಛಾವಣಿಯತ್ತ ನೋಡಿದ. ಗ್ಯಾಸಿನ ಸಣ್ಣ ಕೊಳವೆ ಬಿಟ್ಟರೆ ಹೊಗೆಗೂಡೇ ಇಲ್ಲ. ಬಗ್ಗಿ ಕೈಗವಸು ತೆಗೆದು ಬೂದಿ ಮುಟ್ಟಿದ. ಸೌದೆಯ ಒರಟು ಬೂದಿಯ ನಡುವೆ ಕಪ್ಪು ಹಾಳೆಯಂಥ ಚೂರು. ಬೆರಳು ತಾಗಿದ್ದೇ ತಡ, ಪುಡಿಯಾಯಿತು.

ಒಳಗೆ ಬಂದು ಅವನು ಒಲೆಯ ಎದುರು ಕುಕ್ಕರಗಾಲಲ್ಲಿ ಕೂತ.

"ಅಜ್ಜಿ, ಅರ್ಧಚಂದ್ರದ ಹಾಗೆ ಬೂದಿ ಚೆಲ್ಲೋದನ್ನ ರೈನೊಗೆ ಕಲಿಸಿದ್ದು ಯಾರು?"

ಹಿಲ್ಯಾಳ ಕೈ ಕಂಬಳಿಯನ್ನು ಬಿಗಿ ಹಿಡಿಯಿತು.

"ಅವರು ಹೊರಗೇ ಹೋಗಲ್ಲ ವರ್ನನ್!" ಐಲಿ ಅಡ್ಡ ಬಂದಳು.

"ನೀನು ಮನೇಲಿರೋವಾಗ ಹೋಗಲ್ಲ. ಗುಡ್ಡೆ ತೆಗೆದದ್ದು ಉಪಕಾರ, ಕಾಗದ ತೆಗೆದದ್ದು ಕಳ್ಳತನ, ಎರಡೂ ಬೇರೆಬೇರೆಯವರ ಕೆಲಸ ಅಂದ್ಕೊಂಡ್ವಿ. ಅಲ್ಲೇ ಎಡವಿದ್ದು. ಪೆಟ್ಟಿಗೆ ಮುಂದೆ ಹಿಮ ಇದ್ರೆ ಅಂಚೆಯವನು ಗಾಡಿ ನಿಲ್ಸಲ್ಲ. ಕಾಗದ ವಾಪಸ್ ಅಂಚೆ ಕಚೇರಿಗೆ. ಅಲ್ಲಿ ಹೋಗಿ ತಗೊಳ್ಳೋಳು ನೀನು. ಅದು ನಿನ್ನ ಕೈಗೆ ಸಿಗಬಾರದು ಅಂದ್ರೆ ಮೊದಲು ಪೆಟ್ಟಿಗೆಗೆ ಬರಬೇಕು. ಡೇಲ್ ಮನೇಲಿ ಸೌದೆ ಒಲೆನೇ ಇಲ್ಲ, ಬೂದಿ ಎಲ್ಲಿಂದ? ನಿನ್ನ ಕಾಗದಗಳೂ ಆ ಬೂದಿಲೇ ಇವೆ. ಅಲ್ವಾ ಅಜ್ಜಿ?"

ಒಲೆಯಲ್ಲಿ ಸೌದೆ ಕುಸಿಯಿತು.

"ಹೂಂ, ಸುಟ್ಟೆ," ಎಂದಳು ಹಿಲ್ಯಾ. "ಇವಳು ಕೆಲಸಕ್ಕೆ ಹೋದ್ಮೇಲೆ ಕೋಲೂರಿಕೊಂಡು ಹೋಗಿ ಇಷ್ಟಿಷ್ಟೇ ಹಿಮ ತೆಗೀತಿದ್ದೆ. ನನ್ನ ಮಗ ಅವತ್ತು ಎಲ್ಲಿಗೆ ಹೊರಟಿದ್ದ ಗೊತ್ತಲ್ಲ ನಿಂಗೆ?"

ವರ್ನನ್‌ಗೆ ಗೊತ್ತಿತ್ತು. ಕಾರಿನ ಮುಂಗಾಜಿನ ಕೆಳಗೆ ನೆನೆದು ಅಂಟಿಕೊಂಡಿದ್ದ ಹಾಳೆ ಕಣ್ಣೆದುರು ಬಂತು—ಜ್ಯೂರಿಯ ಕರೆ.

"ಹಿಮ ಬೀಳ್ತಿದೆ, ಹೋಗಬೇಡ ಅಂದೆ. ಹೋಗದಿದ್ರೆ ಜೈಲು ಕಣಮ್ಮ ಅಂದ. ಅದೇ ಲಕೋಟೆ ಇವಳ ಹೆಸರಿಗೂ ಬಂತು. ಇವಳನ್ನೂ ಕಳಿಸ್ಲಾ?"

ಐಲಿ ನೆಲದ ಮೇಲೆ ಕುಸಿದು ಅತ್ತೆಯ ಮಡಿಲಲ್ಲಿ ತಲೆಯಿಟ್ಟಳು. "ನಾನು ಅವನೇ ಬರ್ತಾನೆ ಅಂತ... ದಿನಾ ಮಾತಾಡ್ತಿದ್ದೆ ಅತ್ತೆ, ಆ ಪೆಟ್ಟಿಗೆ ಹತ್ರ."

"ಕಿಟಕೀಲಿ ನೋಡ್ತಿದ್ದೆ ಮಗಳೇ. ಹೇಳೋಕೆ ಬಾಯಿ ಬರಲಿಲ್ಲ."

ವರ್ನನ್ ಆಜ್ಞೆಯ ಹಾಳೆ ಮಡಚಿ ಜೇಬಿಗಿಟ್ಟ. "ಕಾಗದ ಕೈಸೇರಲಿಲ್ಲ ಅಂತ ಗೊತ್ತಾದ್ರೆ ಜಡ್ಜ್ ಇವಳನ್ನ ಬಿಡಬಹುದು. ಆದ್ರೆ ಅದನ್ನ ನೀವೇ ಬಂದು ಹೇಳಬೇಕು. ಕಾಗದ ಸುಟ್ಟಿದ್ದಕ್ಕೆ ನಿಮ್ಮನ್ನೇ ಗದರಬಹುದು. ಮತ್ತೆ, ಜ್ಯೂರಿ ಕೆಲಸ ತಪ್ಪಲ್ಲ. ಬೇರೆ ತಾರೀಖು ಕೊಡ್ತಾರೆ."

"ಯಾವ ದಾರಿ?" ಎಂದಳು ಹಿಲ್ಯಾ.

"ಅದೇ ಸರೋವರದ ದಾರಿ. ಬೇರೆ ಇಲ್ಲ."

ಹಿಲ್ಯಾ ಕಂಬಳಿ ಸರಿಸಿ, ಕೋಲೂರಿ ಎದ್ದಳು.

"ನನ್ನ ಕೋಟು ಕೊಡು ಐಲಿ. ಮುಂದಿನ ಸೀಟಲ್ಲಿ ನಾನು ಕೂರ್ತೀನಿ. ಆ ತಿರುವು ಬಂದಾಗ ನಿಧಾನ ಮಾಡೋ ವರ್ನನ್. ನಾನಿನ್ನೂ ಆ ಜಾಗ ನೋಡಿಲ್ಲ."